ತೊಟ್ಟಿಗೆ ಬಾರದ ಗೊಬ್ಬರ

ತರಕಾರಿ ಮಾರುಕಟ್ಟೆಯ ಹಿಂದಿನ ಶೆಡ್ಡಿನೊಳಗೆ ಏನೇನು ಹೋಗುತ್ತದೆಂಬುದು ಎಲ್ಲರಿಗೂ ಕಾಣುತ್ತಿತ್ತು. ಅಲ್ಲಿಂದ ಹೊರಗೆ ಬರಬೇಕಾದದ್ದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕೊಳೆತ ಟೊಮ್ಯಾಟೊ, ಕೋಸಿನ ಎಲೆ, ಕ್ಯಾಂಟೀನಿನಲ್ಲಿ ಉಳಿದದ್ದು, ಪಕ್ಕದ ಕೊಟ್ಟಿಗೆಯ ಸಗಣಿ, ಎಲ್ಲವೂ ಮುಚ್ಚಳ ಹಾಕಿದ ದೊಡ್ಡ ಟ್ಯಾಂಕಿನ ಹೊಟ್ಟೆ ಸೇರುತ್ತಿದ್ದವು. ಅಲ್ಲಿ ಮೂರು ವಾರ ಕೊಳೆತು ಗ್ಯಾಸು ಕೊಡುತ್ತಿದ್ದವು. ಅದರಲ್ಲಿ ಕ್ಯಾಂಟೀನಿನ ಒಲೆ ಉರಿಯುತ್ತಿತ್ತು. ಉಳಿದ ರಾಡಿ ನೀರು ಸೋಸಿಕೊಂಡು ಒಂದು ಗುಂಡಿಗೆ ಇಳಿಯಬೇಕು, ಪಂಪು ಅದನ್ನು ಉದ್ದನೆಯ ಪೈಪಿನಲ್ಲಿ ಎತ್ತಿ ಮೇಲಿನ ಉಕ್ಕಿನ ತೊಟ್ಟಿಗೆ ಸುರಿಯಬೇಕು. ತೊಟ್ಟಿಯಲ್ಲಿ ಮೆಗ್ನೀಷಿಯಂ ಉಪ್ಪು ಬೆರೆಸಿದರೆ, ನೀರಿನಲ್ಲಿ ಕರಗಿ ಕೂತಿದ್ದ ಸಾರಜನಕ, ರಂಜಕ ಎರಡೂ ಆ ಉಪ್ಪಿನ ಕೈ ಹಿಡಿದು ಬಿಳಿ ಹರಳಾಗಿ ತಳಕ್ಕೆ ಇಳಿಯಬೇಕು. ಅದೇ ಗೊಬ್ಬರ. ಪುಸ್ತಕದಲ್ಲಿ ಇಳಿಯುತ್ತದೆ. ಶೆಡ್ಡು ನೋಡಿಕೊಳ್ಳುವ ಕೆಮಿಸ್ಟ್ ಮೇಡಂ ಗಾಜಿನ ಜಾಡಿಯಲ್ಲಿ ಮಾಡಿ ತೋರಿಸಿದಾಗಲೂ ಇಳಿದಿತ್ತು. ತೊಟ್ಟಿಯಲ್ಲಿ ಮಾತ್ರ ಆರು ತಿಂಗಳಿಗೆ ಎರಡು ಚಮಚ.

ಮಾರುಕಟ್ಟೆ ಸಮಿತಿಯ ಅಧ್ಯಕ್ಷರು ಒಳ್ಳೆಯವರು. ಒಳ್ಳೆಯವರ ತಾಳ್ಮೆ ಮುಗಿದಾಗ ಆಗುವಷ್ಟು ಕಷ್ಟ ಕೆಟ್ಟವರದು ಮುಗಿದಾಗ ಆಗುವುದಿಲ್ಲ. ಶುಕ್ರವಾರ ಬರುತ್ತೇನೆ, ಒಂದು ಮೂಟೆ ಗೊಬ್ಬರ ಕಣ್ಣಿಗೆ ಬೀಳದಿದ್ದರೆ ಶೆಡ್ಡನ್ನು ಲಾರಿ ನಿಲ್ಲಿಸುವುದಕ್ಕೆ ಕೊಡುತ್ತೇವೆ ಎಂದು ಬಹಳ ಮೃದುವಾಗಿ ಹೇಳಿ ಹೋಗಿದ್ದರು. ಶೆಡ್ಡು ಹೋದರೆ ಮೇಡಂ ಹಳೆಯ ಕೆಲಸಕ್ಕೆ ಮರಳಬೇಕು. ಹಳೆಯ ಕೆಲಸವೆಂದರೆ ಹಾಲಿಗೆ ಎಷ್ಟು ನೀರು ಸೇರಿದೆಯೆಂದು ದಿನವಿಡೀ ನೋಡುವುದು. ಒಂಬತ್ತು ವರ್ಷ ನೋಡಿದ್ದಳು. ಮತ್ತೆ ನೋಡುವ ಆಸೆಯಿರಲಿಲ್ಲ.

ಹಾಗಾಗಿ ಆ ವಾರವೆಲ್ಲ ಅವಳು ನೀರು ಹಿಡಿದಳು, ಬಣ್ಣ ನೋಡಿದಳು, ಬರೆದುಕೊಂಡಳು. ದೊಡ್ಡ ಟ್ಯಾಂಕಿನಿಂದ ಹೊರಟ ನೀರಿನಲ್ಲಿ ರಂಜಕ ಬೇಕಾದಷ್ಟಿತ್ತು. ತೊಟ್ಟಿ ಮುಟ್ಟಿದ ನೀರಿನಲ್ಲಿ ಹುಡುಕಿದರೂ ಇಲ್ಲ. ನಡುವೆ ಇದ್ದದ್ದು ಒಂದು ಗುಂಡಿ, ಒಂದು ಪಂಪು, ಒಂದು ಪೈಪು. ರಂಜಕಕ್ಕೆ ಕಾಲಿಲ್ಲ. ಅವಳ ತಲೆ ಮೊಸರು ಗಡಿಗೆಯಾಯಿತು. ದಿನಚರಿ ಪುಸ್ತಕ ತೆಗೆದು ನೋಡಿದರೆ, ಪ್ರತಿ ದಿನವೂ ಬೆಳಗ್ಗೆ ಆರಕ್ಕೆ 'ಉಪ್ಪು ಹಾಕಲಾಯಿತು' ಎಂದು ದುಂಡಗಿನ ಅಕ್ಷರ. ಪ್ರತಿ ಗುರುವಾರ 'ಪೈಪು ಸ್ವಚ್ಛ ಮಾಡಲಾಯಿತು' ಎಂದು ಕಾಗೆಕಾಲಿನ ಅಕ್ಷರ. ಇಬ್ಬರೂ ಒಂದು ದಿನವೂ ತಪ್ಪಿಸಿರಲಿಲ್ಲ.

ದುಂಡಗಿನ ಅಕ್ಷರ ಭಾವನದು, ಕಾಗೆಕಾಲಿನದು ಪ್ಲಂಬರನದು. ಭಾವ ಎಂದರೆ ಪ್ಲಂಬರನ ಅಕ್ಕನ ಗಂಡ. ಪ್ಲಂಬರಿಗೆ ಮಾತ್ರ ಭಾವನಾಗಬೇಕಾದವನು ಶೆಡ್ಡಿಗೆಲ್ಲ ಭಾವನಾಗಿದ್ದ. ಪ್ಲಂಬರ್ ಒಬ್ಬನೇ ಹಾಗೆ ಕರೆಯುತ್ತಿರಲಿಲ್ಲ. ಮಗಳ ಮದುವೆಯ ಫೋಟೊ ಚೌಕಟ್ಟು ಹಾಕಿಸುವಾಗ ಭಾವನು ಈ ಮೈದುನನ ಅರ್ಧ ಮುಖವನ್ನು ಕತ್ತರಿಸಿ ಬಿಟ್ಟಿದ್ದನಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗಜದೂರದಲ್ಲಿ ನಿಂತರೂ ಮೂರನೆಯವರ ಮೂಲಕವೇ ವ್ಯವಹಾರ.

ಗುರುವಾರ ಮಧ್ಯಾಹ್ನ ಪೈಪಿನ ಮೊಣಕೈ ತಿರುವು ಬಿಚ್ಚಿ ಯಾರೋ ಕುಟ್ಟುವ ಸದ್ದು ಕೇಳಿ ಮೇಡಂ ಹೊರಗೆ ಬಂದಳು. ಪ್ಲಂಬರ್ ಉಳಿ ಹಿಡಿದು ಕೂತಿದ್ದ. ಪಕ್ಕದ ಬಕೆಟ್ಟಿನಲ್ಲಿ ಬೂದು ಬಿಳುಪಿನ ಚಕ್ಕೆಗಳು.

"ಈ ಪೈಪಿಗೆ ಕಲ್ಲಿನ ಕಾಯಿಲೆ ಮೇಡಂ," ಎಂದ, ಡಾಕ್ಟರ ಗಾಂಭೀರ್ಯದಲ್ಲಿ. "ವಾರಕ್ಕೆ ಒಂದೆರಡು ಬಕೆಟ್ ಬರುತ್ತೆ. ನಾನಿಲ್ಲದಿದ್ರೆ ನಿಮ್ಮ ತೊಟ್ಟಿಗೆ ಹನಿ ನೀರು ಹತ್ತುತ್ತಿರಲಿಲ್ಲ."

"ಇದನ್ನ ಎಲ್ಲಿ ಹಾಕ್ತೀರಿ?"

"ಗೋಡೆ ಆಚೆ. ಒಳಗೇ ಬಿಟ್ರೆ ನಿಮಗೆ ಗಲೀಜು ಅನ್ಸುತ್ತೆ ಅಂತ."

ಗೋಡೆಯಾಚೆ ಸೊಂಟದೆತ್ತರದ ಗುಡ್ಡೆಯಿತ್ತು. ಅದರ ಸುತ್ತ ಮೊರದಗಲದ ಎಲೆ ಬಿಟ್ಟ ಕುಂಬಳದ ಬಳ್ಳಿ, ಕೇಳುವವರಿಲ್ಲದೆ ಗೋಡೆ ಹತ್ತಿ ಕೂತಿತ್ತು. ಮೇಡಂ ಒಂದು ಚಕ್ಕೆ ಒಯ್ದು ಆಮ್ಲಕ್ಕೆ ಹಾಕಿದಳು. ಸುಣ್ಣವಾಗಿದ್ದರೆ ನೊರೆಯೇಳಬೇಕಿತ್ತು, ಇದು ಸದ್ದಿಲ್ಲದೆ ಕರಗಿತು. ರಂಜಕದ ಪರೀಕ್ಷೆಗೆ ಹಾಕಿದ ದ್ರಾವಣ ಗಾಢ ನೀಲಿಯಾಯಿತು: ಕಳೆದುಹೋದ ರಂಜಕವೆಲ್ಲ ಇಲ್ಲೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಕಸವೇ ಮದ್ದಾದಾಗ ಏನೆನ್ನಬೇಕೆಂದು ಗಾದೆ ಮಾಡಿದವರು ಹೇಳಿಲ್ಲ.

ಆದರೆ ತೊಟ್ಟಿಯಲ್ಲಿ ಆಗಬೇಕಾದದ್ದು ಪೈಪಿನಲ್ಲಿ ಯಾಕಾಯಿತು? ಭಾವನನ್ನು ಕರೆಸಿ, ಉಪ್ಪನ್ನು ಎಲ್ಲಿ ಹಾಕುತ್ತೀರಿ ಎಂದಳು. ಭಾವ ಮಂಡಿ ಸವರಿಕೊಂಡ.

"ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು ಮೇಡಂ. ನೀರು ಹೇಗೂ ಹೋಗೋದು ಅಲ್ಲಿಗೇ ತಾನೆ. ಮತ್ತೆ ನಾನ್ಯಾಕೆ ಹೊರಬೇಕು ಅಂತ ಉಪ್ಪನ್ನ ಗುಂಡಿಯಲ್ಲೇ ಹಾಕಿ, ನೀರಿನ ಜೊತೆ ಕಳಿಸಿಬಿಡ್ತೀನಿ."

ಕಳಿಸಿದ ಉಪ್ಪು ದಾರಿಯಲ್ಲೇ ಸಂಸಾರ ಹೂಡಿತ್ತು. ಪಂಪು ಕಲಕಿದ ನೀರು ಪೈಪಿನ ತಿರುವುಗಳಲ್ಲೇ ಹರಳುಗಟ್ಟುತ್ತಿತ್ತು.

"ನನ್ನ ಪೈಪು ಕಟ್ಟಿಕೊಳ್ಳೋ ಹಾಗೆ ಮಾಡಿದ್ದು ಯಾರು ಅಂತ ಅವರನ್ನ ಕೇಳಿ ಮೇಡಂ," ಎಂದ ಪ್ಲಂಬರ್.

"ಗೊಬ್ಬರ ಆಚೆ ಎಸೆದದ್ದು ಯಾರು ಅಂತ ಅವರನ್ನೂ ಕೇಳಿ," ಎಂದ ಭಾವ.

ಮೇಡಂ ಇಬ್ಬರನ್ನೂ ಕೇಳಲಿಲ್ಲ. ಯಾರನ್ನು ಬೈಯಬೇಕು, ಯಾರಿಗೆ ಕೈ ಮುಗಿಯಬೇಕು ಎಂಬುದೇ ಅವಳಿಗೆ ಬಗೆಹರಿಯಲಿಲ್ಲ. ಒಬ್ಬ ಸೋಮಾರಿತನದಿಂದ ಗೊಬ್ಬರ ಮಾಡಿದ್ದ, ಇನ್ನೊಬ್ಬ ಶ್ರದ್ಧೆಯಿಂದ ಅದನ್ನು ಎಸೆದಿದ್ದ.

ಶುಕ್ರವಾರ ಅಧ್ಯಕ್ಷರು ಬರುವ ಹೊತ್ತಿಗೆ ಕುಟ್ಟಿ, ತೊಳೆದು, ಒಣಗಿಸಿ, ಜರಡಿ ಹಿಡಿದ ಗೊಬ್ಬರ ಮೂರು ಮೂಟೆ ನಿಂತಿತ್ತು. ಅಧ್ಯಕ್ಷರು ಬೊಗಸೆಯಲ್ಲಿ ಎತ್ತಿ ಮೂಸಿದರು. ವಾಸನೆಯಿಲ್ಲದ್ದು ಕಂಡು ಅವರ ಮುಖ ಅರಳಿತು. ತೊಟ್ಟಿ ಕೊನೆಗೂ ಮರ್ಯಾದೆ ಉಳಿಸಿತಲ್ಲ ಎಂದರು.

ಮೇಡಂ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂಬತ್ತು ವರ್ಷ ಬೇರೆಯವರ ಹಾಲಿನ ಸುಳ್ಳು ಹಿಡಿದವಳಿಗೆ ಅದು ಕೈಲಾಗಲಿಲ್ಲ. ಎಲ್ಲ ಹೇಳಿದಳು. ಅಧ್ಯಕ್ಷರ ಮುಖ ಹಂತಹಂತವಾಗಿ ಬಾಡಿತು.

"ಅಂದ್ರೆ ಇದು ತಪ್ಪಿನಿಂದ ಆದ ಗೊಬ್ಬರ."

"ಹೌದು ಸರ್. ಇನ್ನು ಮೇಲೆ ಸರಿಯಾಗಿ ಮಾಡ್ತೀವಿ. ಉಪ್ಪು ತೊಟ್ಟಿಗೇ ಹಾಕಿದರೆ ಗೊಬ್ಬರ ತೊಟ್ಟಿಯಲ್ಲೇ ಆಗುತ್ತೆ."

"ಆಗುತ್ತೆ, ಆಗುತ್ತೆ ಅಂತ ಆರು ತಿಂಗಳಿಂದ ಕೇಳ್ತಿದ್ದೀನಿ ತಾಯಿ. ಆಗಿದ್ದು ಎಲ್ಲಿ? ಪೈಪಲ್ಲಿ. ಸರಿ ಮಾಡಕ್ಕೆ ಹೋಗಿ ಇದೂ ನಿಂತುಹೋದ್ರೆ ಸಮಿತಿಗೆ ಏನು ಹೇಳಲಿ?"

ಪೈಪು ಪೂರ್ತಿ ಕಟ್ಟಿಕೊಂಡರೆ ಪಂಪು ಸುಟ್ಟುಹೋಗುತ್ತದೆ ಎಂದಳು. ಅದಕ್ಕೆ ಪ್ಲಂಬರ್ ಇದ್ದಾನಲ್ಲ ಎಂದರು. ಹಾಗಾದರೆ ತೊಟ್ಟಿ ಯಾಕೆ ಎಂದು ಅವರೇ ಕೇಳಿ, ಇದ್ದುಕೊಳ್ಳಲಿ, ಕಟ್ಟಿದ್ದಾಗಿದೆ ಎಂದು ಅವರೇ ಉತ್ತರ ಕೊಟ್ಟರು. ಆಮೇಲೆ ನಿಂತಲ್ಲೇ ಆದೇಶ ಬರೆಸಿದರು: ಶೆಡ್ಡು ಇನ್ನೊಂದು ವರ್ಷ ನಡೆಯತಕ್ಕದ್ದು, ಉಪ್ಪನ್ನು ಈಗ ತಪ್ಪಾಗಿ ಹಾಕುತ್ತಿರುವ ಜಾಗದಲ್ಲೇ ತಪ್ಪದೆ ಹಾಕತಕ್ಕದ್ದು.

ಸೋಮವಾರ ಮೇಡಂ ಆರು ಗಂಟೆಗೇ ಬಂದಳು. ಶೆಡ್ಡು ಉಳಿದಿತ್ತು. ತಾನು ಗೆದ್ದೆನೋ ಸೋತೆನೋ ಎಂದು ಎರಡು ದಿನ ಯೋಚಿಸಿಯೂ ಅವಳಿಗೆ ತಿಳಿದಿರಲಿಲ್ಲ. ಆದೇಶ ಪಾಲಿಸಿದರೆ ಒಂದಲ್ಲ ಒಂದು ದಿನ ಪಂಪು ಹೋಗುತ್ತದೆ. ಪಂಪು ಹೋದರೆ ಶೆಡ್ಡೂ ಹೋಗುತ್ತದೆ. ಪಾಲಿಸದಿದ್ದರೆ ಶೆಡ್ಡು ಮೊದಲೇ ಹೋಗುತ್ತದೆ. ಭಾವ ಉಪ್ಪಿನ ಚೀಲ ಹಿಡಿದು ಗುಂಡಿಗೂ ಮೆಟ್ಟಿಲಿಗೂ ನಡುವೆ ನಿಂತಿದ್ದ. ಪ್ಲಂಬರ್ ಉಳಿ ಹಿಡಿದು ಇವಳ ಬಾಯನ್ನೇ ನೋಡುತ್ತಿದ್ದ.

"ಮೇಡಂ, ಈಗ ಇದನ್ನ ಎಲ್ಲಿಗೆ ಹಾಕಲಿ?"

ಅವಳು ಗುಂಡಿ ನೋಡಿದಳು, ತೊಟ್ಟಿ ನೋಡಿದಳು.

"ಒಂದು ಮುಷ್ಟಿ ಗುಂಡಿಗೆ ಹಾಕಿ, ಆದೇಶಕ್ಕೆ. ಉಳಿದದ್ದು ಕೊಡಿ," ಎಂದು ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡಳು. ನಾಲ್ಕು ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, ಕೆಳಗಿನಿಂದ ಭಾವ ಕೇಳಿದ: "ಪುಸ್ತಕದಲ್ಲಿ ಎಲ್ಲಿ ಹಾಕಿದ್ದು ಅಂತ ಬರೀಲಿ?"

ಮೇಡಂ ಅಲ್ಲೇ ನಿಂತು ಯೋಚಿಸಿದಳು. ಚೀಲ ಭಾರವಿತ್ತು.