ಅವಳಿರುವ ಪುಟ

ಊರು ಬಿಟ್ಟು ಈ ದೇಶಕ್ಕೆ ಬಂದ ಮೇಲೆ ಹತ್ತು ವರ್ಷ ನನ್ನ ಚಿತ್ರಗಳನ್ನು ಒಬ್ಬನೂ ಮೂಸಿ ನೋಡಲಿಲ್ಲ. ರೋಸಿಹೋಗಿ ಕುಂಚ ಎಸೆದೆ. ಇಲ್ಲಿನ ಭಾಷೆಯಲ್ಲೇ ಕಾದಂಬರಿ ಬರೆದೆ. ಇವತ್ತು ಅಚ್ಚಾಗಿ ಬಂತು.

ಹೆಂಡತಿಗೆ ಆ ಭಾಷೆ ಓದಲು ಬಾರದು. ಚಿತ್ರ ಬರೆಯುವಾಗಲಾದರೆ ಬೆನ್ನ ಹಿಂದೆ ನಿಂತು, "ನನ್ನ ಮೂಗು ಇಷ್ಟು ದಪ್ಪ ಇದ್ಯಾ?" ಎಂದು ಜಗಳಕ್ಕೆ ಬರುತ್ತಿದ್ದಳು.

"ಇದ್ರಲ್ಲಿ ನಾನೆಲ್ಲಿದ್ದೀನಿ, ತೋರ್ಸಿ," ಎಂದಳು.

ಅವಳಿರುವುದು ಒಂದೇ ಪುಟದಲ್ಲಿ. ಅಲ್ಲಿ ಚಿತ್ರಕಾರನ ಹೆಂಡತಿ ಸಾಯುತ್ತಾಳೆ. ಪೀಡೆ ತೊಲಗಿತೆಂದು ಅವನು ಚಿತ್ರ ಬರೆಯಲು ಕೂರುತ್ತಾನೆ. ಮುಠ್ಠಾಳನಂತೆ ಬೆರಳಿಟ್ಟು ತೋರಿಸಿದೆ.

ಹೇರ್‌ಪಿನ್ನು ತೆಗೆದು ಆ ಪುಟಕ್ಕೆ ಸಿಕ್ಕಿಸಿದಳು. "ಕೆಳಗಿನ ಮನೇಲಿರೋ ನಮ್ಮೂರಿನ ನರ್ಸಮ್ಮನ ಹತ್ರ ಓದ್ಸಿ, ಅರ್ಥ ಕೇಳ್ಕೊಂಡ್ ಬರ್ತೀನಿ," ಎಂದು ಹೊರಟೇಬಿಟ್ಟಳು.

ಅವಳ ಹಿಂದೆಯೇ ಬಾಗಿಲವರೆಗೆ ಓಡಿದೆ. ಮೆಟ್ಟಿಲಿನಿಂದ ಅವಳೇ ಕೂಗಿದಳು: "ಮೂಗಿನ ಬಗ್ಗೆ ಏನಾದ್ರೂ ಬರ್ದಿದ್ರೆ, ಇದೆ ನಿಮ್ಗೆ!"