ಜೈನಾಬಳ ಅಳತೆ ಪಟ್ಟಿ

ಯಲ್ಲಾಪುರದ ಪೇಟೆಯಲ್ಲಿ ಇಸಾಕ್ ದರ್ಜಿಯ ಅಂಗಡಿ ಎಂದರೆ ಒಂದು ಹೊಲಿಗೆ ಮಷೀನು, ಒಂದು ಕತ್ತರಿ, ಗೋಡೆಯ ತುಂಬ ಮೊಳೆ. ಒಂದೊಂದು ಮೊಳೆಗೂ ಒಂದೊಂದು ಮನೆಯವರ ಅಳತೆ ನೇತಾಡುತ್ತಿತ್ತು. ಟೇಪು ಎನ್ನುವುದು ಹುಬ್ಬಳ್ಳಿಯ ದರ್ಜಿಗಳ ಶೋಕಿ ಎಂದು ಅವನ ಖಚಿತ ಅಭಿಪ್ರಾಯ. ಬಟ್ಟೆಯ ಗಂಟಿಗೆ ಸುತ್ತಿ ಬರುವ ಕಂದು ಕಾಗದವನ್ನು ಎರಡು ಬೆರಳಗಲ ಸೀಳಿ, ಆ ಪಟ್ಟಿಯನ್ನು ಮೈಗೆ ಹಿಡಿದು, ಅಳತೆ ಮುಗಿದಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕುವುದು ಅವನ ಪದ್ಧತಿ. ತೋಳಿಗೆ ಒಂದು ಕಚ್ಚು, ಹೊಟ್ಟೆಯ ಸುತ್ತಿಗೆ ಎರಡು, ಕತ್ತಿನಿಂದ ಪಾದದವರೆಗಿನ ಉದ್ದಕ್ಕೆ ಮೂರು. ಪೇಟೆಯಲ್ಲಿ ಯಾವ ದೊಡ್ಡ ಮನುಷ್ಯನ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದು ಅವನ ಹೆಂಡತಿಗಿಂತ ಮೊದಲು ಇಸಾಕನ ಮೊಳೆಗೆ ಗೊತ್ತಾಗುತ್ತಿತ್ತು.

ಬಾಗಿಲ ಪಕ್ಕದ ಮೊಳೆ ಮಾತ್ರ ಮಗಳದು. ಜೈನಾಬ್ ಹುಟ್ಟಿದ ಮೇಲೆ ಪ್ರತಿ ತಿಂಗಳ ಮೊದಲ ಶುಕ್ರವಾರ, ನಮಾಜು ಮುಗಿಸಿ ಬಂದವನೇ ಅವಳನ್ನು ಕತ್ತರಿಸುವ ಮಣೆಯ ಮೇಲೆ ನಿಲ್ಲಿಸಿ ಹೊಸ ಪಟ್ಟಿ ತೆಗೆಯುತ್ತಿದ್ದ. ಬೇರೆಯವರ ಪಟ್ಟಿಯ ಮೇಲೆ ಹೆಸರು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಇವಳ ಪಟ್ಟಿಯ ಮೇಲೆ ಸೀಸದ ಕಡ್ಡಿಯಿಂದ, ಕನ್ನಡ ಎರಡನೆಯ ಇಯತ್ತೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ, ಆ ತಿಂಗಳ ಒಂದು ಸಂಗತಿ ಬರೆದಿರುತ್ತಿತ್ತು. ‘ಕತ್ತರಿಯ ಸದ್ದಿಗೆ ನಕ್ಕಳು.’ ‘ಗುಂಡಿ ನುಂಗಿದಳು. ಎರಡು ದಿನ ಕಾದೆವು. ಬಂತು.’ ‘ಮಷೀನಿನ ಕಾಲುಮಣೆಯ ಮೇಲೆ ಕೂತು ತೂಗಿಸಿಕೊಂಡಳು. ಒಂದು ಅಂಗಿ ತಡವಾಯಿತು.’

ಅವನ ಹೆಂಡತಿ ರಹೀಮಾಗೆ ಓದು ಬರಹ ಇರಲಿಲ್ಲ. ಇಬ್ಬರೂ ಕುಂದಗೋಳದ ಕಡೆಯ ಎರೆಭೂಮಿಯವರು, ಹತ್ತಿ ಹಿಂಜುವ ನದಾಫರ ಮಕ್ಕಳು. ಮನೆಯ ಮಾತು ಕನ್ನಡವೇ. “ಏನ್ ಬರದ್ರಿ, ಓದ್ರಿ” ಎಂದು ಅವಳು ಕೇಳುವುದು, ಅವನು ಓದಿ ಹೇಳುವುದು, ಅವಳು “ಅಷ್ಟನ? ಅಕಿ ಇನ್ನೂ ಎಷ್ಟ್ ಮಾಡ್ಯಾಳ!” ಎನ್ನುವುದು ಪ್ರತಿ ಶುಕ್ರವಾರದ ಮಾತು.

ಮೂರು ತುಂಬುವ ಹೊತ್ತಿಗೆ ಜೈನಾಬಳ ಬಾಯಿ ಬಲು ಜೋರಾಗಿತ್ತು. ಪಕ್ಕದ ಮನೆಯ ಗುರುಶಾಂತವ್ವನ ಬೆಕ್ಕನ್ನು ಎರಡೂ ಕೈಯಲ್ಲಿ ಅವಚಿಕೊಂಡು ಬಂದು, “ಅಪ್ಪಾ, ಇದಕ್ಕೊಂದು ಕುಪ್ಪಸ ಹೊಲಿ” ಎಂದಳು.

“ಅಳತಿ ಇಲ್ದ ನಾ ಯಾರಿಗೂ ಹೊಲಿಯೂದಿಲ್ಲ. ಅಳತಿ ತಾ, ಹೊಲೀತೀನಿ.”

ಬೆಕ್ಕು ಅಳತೆಗೆ ನಿಲ್ಲಬೇಕಲ್ಲ! ಮುಂಗೈಗೆ ಎರಡು ಗೀರು ಕೊಟ್ಟು ಮಾಡು ಹತ್ತಿತು. ಆ ತಿಂಗಳ ಪಟ್ಟಿಯ ಮೇಲೆ ಇಸಾಕ್ ಅದನ್ನೇ ಬರೆದ.

ಆ ವರ್ಷ, ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ, ಅವನಿಗೆ ಒಂದು ಹೆಮ್ಮೆ ಹತ್ತಿತ್ತು. ಮಗಳ ಪಟ್ಟಿಯಲ್ಲಿ ಹೊಟ್ಟೆಯ ಎರಡು ಕಚ್ಚಿನ ಗುರುತು ತಿಂಗಳು ತಿಂಗಳಿಗೂ ಮುಂದೆ ಹೋಗುತ್ತಿತ್ತು. ಮಕ್ಕಳ ಬಟ್ಟೆಗೆ ದರ್ಜಿ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಾನೆ, ಬೆಳೆದ ಹಾಗೆ ಬಿಚ್ಚಲಿಕ್ಕೆ. ಜೈನಾಬಳ ಅಂಗಿಯ ಸೊಂಟವನ್ನು ಅವನು ಐದು ತಿಂಗಳಲ್ಲಿ ಎರಡು ಸಲ ಬಿಚ್ಚಿದ್ದ. ಬಿಚ್ಚುವಾಗೆಲ್ಲ ಹಾಡು ಗುನುಗಿಕೊಳ್ಳುತ್ತಿದ್ದ. “ಕೂಸು ಒಳ್ಳೆ ದುಂಡಗಾಗೈತಿ ಬಿಡ ತಮ್ಮಾ” ಎಂದು ಗುರುಶಾಂತವ್ವ ಅಂದಾಗ, ಕಣ್ಣುತಾಗೀತು ಎಂದು ರಹೀಮಾ ಮಗಳ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟಳು. ನಡುವೆ ಜ್ವರ ಬಂದು ಹೋಗುತ್ತಿತ್ತು, ನಿಜ. ಯಲ್ಲಾಪುರದಲ್ಲಿ ಜ್ವರ ಬಾರದ ಮನೆ ಯಾವುದಿತ್ತು? ನೆಂಟರು ಬಂದು ಹೋದಷ್ಟು ಸಲೀಸಾಗಿ ಬಂದು ಹೋಗುತ್ತಿತ್ತು.

ದವಾಖಾನೆಯ ಕಂಪೌಂಡರ್ ಗೋವಿಂದ ಕೋಟಿನ ಅಳತೆ ಕೊಡಲು ಬಂದಾಗ ಇಸಾಕ್ ತಾನೇ ಮಗಳನ್ನು ಎತ್ತಿ ತೋರಿಸಿದ. ಗೋವಿಂದ ನಗಲಿಲ್ಲ. ಮಗುವನ್ನು ಮಣೆಯ ಮೇಲೆ ಮಲಗಿಸಿ, ಎಡಪಕ್ಕೆಯ ಕೆಳಗೆ ನಾಲ್ಕು ಬೆರಳು ಒತ್ತಿ ನೋಡಿದ. ಜೈನಾಬ್ ಚೀರಿದಳು.

“ಇದು ಮೈ ಬಂದದ್ದಲ್ಲ ಮಾರಾಯ. ಜ್ವರಗಡ್ಡೆ. ಜ್ವರ ಒಳಗೇ ಕೂತು ಗಡ್ಡೆ ಕಟ್ಟಿದೆ.”

“ಹಾಂಗಂದ್ರ ಹೆಂಗ್ರಿ? ತಿಂಗಳಾ ತಿಂಗಳಾ ಅಳತಿ ತಗೋತೀನಿ ನಾನು!”

“ತೆಗೀ ನೋಡುವ ಆ ಅಳತೆ.”

ಇಸಾಕ್ ಮೊಳೆಯಿಂದ ಪಟ್ಟಿಗಳನ್ನು ಇಳಿಸಿ ಮಣೆಯ ಮೇಲೆ ಒಂದರ ಕೆಳಗೆ ಒಂದು ಹಾಸಿದ. ಹೊಟ್ಟೆಯ ಎರಡು ಕಚ್ಚು ಮುಂದೆ ಮುಂದೆ ನಡೆದಿತ್ತು. ಒಂದು ಕಚ್ಚು, ಅಂದರೆ ತೋಳು, ಐದು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಉದ್ದದ ಮೂರು ಕಚ್ಚಿನದೂ ಅದೇ ಕಥೆ. ಊರವರ ಮೈಯನ್ನೆಲ್ಲ ಕಣ್ಣಲ್ಲೇ ಅಳೆಯುವವನಿಗೆ ತನ್ನ ಮಗು ಬೆಳೆಯುವುದು ನಿಂತದ್ದು ಕಂಡಿರಲಿಲ್ಲ. ಕಾಗದ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಅವನು ಹಾಡು ಗುನುಗುತ್ತ ಮೊಳೆಗೆ ಸಿಕ್ಕಿಸುತ್ತ ಹೋಗಿದ್ದ. ಅವತ್ತು ಅವನಿಗೆ ಕತ್ತರಿ ಹಿಡಿದ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನಿಸಿತು.

ಆಮೇಲೆ ಪೋಸ್ಟ್ ಆಫೀಸಿನಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣ ತಂದದ್ದೇ ತಂದದ್ದು. ಬೆಲ್ಲದಲ್ಲಿ ಉಂಡೆ ಮಾಡಿ ಕೊಟ್ಟರೆ ಜೈನಾಬ್ ಬೆಲ್ಲ ಚೀಪಿ ಉಳಿದದ್ದನ್ನು ಉಗುಳುತ್ತಿದ್ದಳು. ರಹೀಮಾ ಕೈಕಾಲು ಹಿಡಿಯಬೇಕು, ಇಸಾಕ್ ಬಾಯಿ ಬಿಡಿಸಬೇಕು. “ಅಪ್ಪ ಕೆಟ್ಟಾಂವ” ಎಂದು ಅವಳು ಅತ್ತದ್ದನ್ನೂ ಅವನು ಪಟ್ಟಿಯ ಮೇಲೆ ಬರೆದ. ಜ್ವರ ದಿನ ಬಿಟ್ಟು ದಿನ ಬರತೊಡಗಿತು.

“ಇಲ್ಲಿಯ ಹವೆಯಲ್ಲಿ ಇದು ಬಗ್ಗುವುದಿಲ್ಲ. ಬಯಲುಸೀಮೆಗೆ ಕಳಿಸು. ಅದರ ಮೇಲೆ ನನ್ನ ಕೈಯಲ್ಲಿ ಎಂತದೂ ಇಲ್ಲೆ ಮಾರಾಯ” ಎಂದ ಗೋವಿಂದ.

ರಂಜಾನ್ ಹತ್ತಿರ ಬಂದಿತ್ತು. ಊರಿನ ಅರ್ಧ ಮಂದಿಯ ಹಬ್ಬದ ಬಟ್ಟೆ ಇಸಾಕನ ಅಂಗಡಿಯಲ್ಲಿ ಕತ್ತರಿಸಿ ಬಿದ್ದಿತ್ತು. ಕತ್ತರಿಸಿದ ಬಟ್ಟೆಯನ್ನು ಹೊಲಿಯದೆ ಬಿಟ್ಟು ಹೋಗುವ ದರ್ಜಿ ಉಂಟೇ? ತಾಯಿ ಮಗಳನ್ನೇ ರಹೀಮಾಳ ತವರಿಗೆ ಕಳಿಸುವುದೆಂದಾಯಿತು. ಹೊರಡುವ ಹಿಂದಿನ ದಿನ ಹೆಂಡತಿಯನ್ನು ಕೂರಿಸಿ ಪಟ್ಟಿ ಹಿಡಿಯುವುದನ್ನು, ಕಚ್ಚು ಹಾಕುವುದನ್ನು ಕಲಿಸಿದ. “ತಿಂಗಳಿಗೊಂದು ಪಟ್ಟಿ ಲಕೋಟೆದಾಗ ಹಾಕು. ವಿಳಾಸ ನಿಮ್ಮಣ್ಣ ಕರೀಂ ಬರೀತಾನ. ಮತ್ತೇನೂ ಬರಸೂದು ಬ್ಯಾಡ. ನಾ ಓದ್ಕೋತೀನಿ.”

ಬೆಳಗಿನ ಸರ್ವಿಸ್ ಮೋಟಾರು ಹೊರಡುವಾಗ ಜೈನಾಬ್ ಕಿಟಕಿಯಿಂದ, “ಅಪ್ಪಾ, ಅಜ್ಜಿ ಮನ್ಯಾಗೂ ಬೆಕ್ಕೈತಂತ. ಅಳತಿ ಕಳಸ್ತೀನಿ” ಎಂದು ಕೂಗಿದಳು.

ಮೊದಲ ಪಟ್ಟಿ ಬಂದಾಗ ಹೊಟ್ಟೆ ಇದ್ದಷ್ಟೇ ಇತ್ತು. ಹೆಚ್ಚಲಿಲ್ಲವಲ್ಲ ಎಂದು ಸಮಾಧಾನಪಟ್ಟ. ಎರಡನೆಯದು ಹಬ್ಬದ ಎರಡು ದಿನ ಮುಂಚೆ ಬಂತು. ಎರಡು ಕಚ್ಚು ಒಂದು ಅಕ್ಕಿಕಾಳಿನಷ್ಟು ಹಿಂದೆ ಸರಿದಿತ್ತು; ತೋಳು ಕೂದಲೆಳೆಯಷ್ಟು ಮುಂದೆ. ಇಸಾಕ್ ಅಂಗಡಿ ಬಾಗಿಲು ಎಳೆದುಕೊಂಡು, ಆ ಕಾಗದದ ಚೂರು ಹಿಡಿದು ಪೇಟೆಯುದ್ದಕ್ಕೂ ನಡೆದ. ಬೆಲ್ಲದಂಗಡಿಯವನಿಗೆ ತೋರಿಸಿದ, ಗುರುಶಾಂತವ್ವನಿಗೆ ತೋರಿಸಿದ, ಮೋಟಾರಿನ ಡ್ರೈವರನಿಗೂ ತೋರಿಸಿದ. ಯಾರಿಗೂ ಏನೂ ಅರ್ಥವಾಗದಿದ್ದರೂ ಎಲ್ಲರೂ ತಲೆಯಾಡಿಸಿದರು. ಬರೆಯಲು ಅವನ ಹತ್ತಿರ ಸಂಗತಿ ಇರಲಿಲ್ಲ. ರಹೀಮಾ ಬಂದ ಮೇಲೆ ಕೇಳಿ ಬರೆಯೋಣವೆಂದು ಎರಡೂ ಪಟ್ಟಿಗಳನ್ನು ಹಾಗೇ ಮೊಳೆಗೆ ಹಾಕಿದ.

ಹಬ್ಬ ಮುಗಿದ ವಾರಕ್ಕೆ ಅವನೇ ಹಾಸಿಗೆ ಹಿಡಿದ. ಚಳಿ ಬಂದರೆ ಮೂರು ಕಂಬಳಿ ಸಾಲದು, ಬೆವರು ಬಿಟ್ಟರೆ ಚಾಪೆ ತೋಯ್ದು ಹೋಗುತ್ತಿತ್ತು. ಗುರುಶಾಂತವ್ವ ಗಂಜಿ ತಂದಿಡುತ್ತಿದ್ದಳು. ಗೋವಿಂದ ದಿನವೂ ಬಂದು ಔಷಧಿ ಕುಡಿಸುತ್ತಿದ್ದ. ಇಸಾಕ್ ಮಲಗಿದ ಸುದ್ದಿಯನ್ನು ಕರೀಮನಿಗೆ ಕಾರ್ಡು ಬರೆದು ತಿಳಿಸಿದವನೂ ಅವನೇ.

ಮೂರನೆಯ ಲಕೋಟೆಯನ್ನು ಗೋವಿಂದನೇ ಪೋಸ್ಟಿನಿಂದ ತಂದು ಕೊಟ್ಟ. ಇಸಾಕ್ ಗೋಡೆಗೆ ಒರಗಿ ಕೂತು ಪಟ್ಟಿ ಬಿಡಿಸಿದ. ಹಳೆಯದನ್ನು ಕೇಳಿ ತರಿಸಿಕೊಂಡು ಪಕ್ಕದಲ್ಲಿಟ್ಟ. ಹೊಟ್ಟೆ ಸರಿಯಾಗಿ ಒಂದು ಬೆರಳು ಇಳಿದಿತ್ತು. ತೋಳು ಸರಿಯಾಗಿ ಒಂದು ಬೆರಳು ಬೆಳೆದಿತ್ತು. ಉದ್ದವೂ ಸರಿಯಾಗಿ ಒಂದು ಬೆರಳು.

ಮೈ ಹಾಗೆ ಬೆಳೆಯುವುದಿಲ್ಲ. ಒಂದು ತಿಂಗಳು ಕಾಲು ಬೆಳೆದರೆ ತೋಳು ಸುಮ್ಮನಿರುತ್ತದೆ. ಮತ್ತೊಂದು ತಿಂಗಳು ತೋಳು. ಹದಿನೈದು ವರ್ಷ ಮಕ್ಕಳ ಅಂಗಿ ಹೊಲಿದವನಿಗೆ ಅಷ್ಟು ಗೊತ್ತಿಲ್ಲವೇ? ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದ. ಹೊಟ್ಟೆಗೆ ಸುತ್ತಿದ ಕಾಗದಕ್ಕೆ ಒಂದು ಬಾಗು ಉಳಿದಿರುತ್ತದೆ, ಹೆಬ್ಬೆರಳು ಒತ್ತಿದಲ್ಲಿ ಒಂದು ಸುಕ್ಕು. ಮೊದಲಿನ ಎರಡರಲ್ಲೂ ಅದು ಇತ್ತು. ಇದರಲ್ಲಿ ಲಕೋಟೆಯ ಮಡಿಕೆ ಬಿಟ್ಟರೆ ಏನೂ ಇಲ್ಲ. ಅಂಚಿನಲ್ಲಿ ಒಂದು ಕಡೆ ಇಲಿ ಕಡಿದಂತೆ ಸ್ವಲ್ಪ ಹರಿದಿತ್ತು, ಅಷ್ಟೆ. ಈ ಪಟ್ಟಿ ಯಾವ ಮೈಗೂ ಸುತ್ತಿ ಬಂದದ್ದಲ್ಲ.

ಅವನಿಗೆ ಎಲ್ಲ ತಿಳಿಯಿತು. ತಲೆಯೆತ್ತಿ ನೋಡಿದರೆ ಗೋವಿಂದ ಔಷಧಿ ಶೀಶೆಯನ್ನು ಸುಮ್ಮನೆ ಕುಲುಕುತ್ತ ನಿಂತಿದ್ದ. ಅವನಿಗೂ ಗೊತ್ತಿದೆ, ಕರೀಮನ ಕಾರ್ಡು ಅವನಿಗೆ ಬಂದಿದೆ, ಮೈಯಲ್ಲಿ ಕಸುವಿಲ್ಲದವನಿಗೆ ಹೇಳಬೇಡಿ ಎಂದು ಬರೆದಿದ್ದಾರೆ. ಇದೆಲ್ಲ ಇಸಾಕನಿಗೆ ಆ ಮುಖದಲ್ಲೇ ಕಂಡಿತು.

“ಹೇಗುಂಟು? ಬೆಳೆದಾಳಾ?” ಎಂದು ಗೋವಿಂದ ಕೇಳಿದ. ಕೇಳುವಾಗ ಶೀಶೆಯನ್ನೇ ನೋಡುತ್ತಿದ್ದ.

“ಬೆಳದಾಳ್ರಿ. ಒಂದ್ ಬೆರಳು” ಎಂದ ಇಸಾಕ್. ಎದ್ದು ಓಡೋಣವೆಂದರೆ ಕಾಲು ನಿಲ್ಲದು. ಓಡಿ ಹೋಗಿಯಾದರೂ ಏನು ನೋಡುವುದು? ಮಗಳು ಮಣ್ಣಾಗಿ ಎಷ್ಟು ದಿನವಾಯಿತೋ ಅದೂ ಗೊತ್ತಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗೋವಿಂದ ಔಷಧಿ ಕುಡಿಸುವುದನ್ನು ಮರೆತು ಹೋದ.

ಲಕೋಟೆ ಬಂದ ಹನ್ನೊಂದನೆಯ ದಿನ ರಹೀಮಾ ಮಧ್ಯಾಹ್ನದ ಮೋಟಾರಿನಲ್ಲಿ ಬಂದಳು. ಅಣ್ಣನನ್ನೂ ಕರೆದುಕೊಂಡು ಬಂದಿರಲಿಲ್ಲ. ಗಂಟನ್ನು ಕೆಳಗಿಟ್ಟು ಬಾಗಿಲಲ್ಲೇ ನಿಂತಳು. ಇಸಾಕ್ ಅಷ್ಟರಲ್ಲಿ ಎದ್ದು ಕೂರುವಷ್ಟಾಗಿದ್ದ. ಹೇಗೆ ಹೇಳಬೇಕೆಂದು ಅವಳು ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದು ಅವಳ ತುಟಿಯಲ್ಲೇ ಕಾಣುತ್ತಿತ್ತು. ಅವನು ಮೂರನೆಯ ಪಟ್ಟಿಯನ್ನು ಎತ್ತಿ ಹಿಡಿದ.

“ಇದನ್ನ ಅಳತಿ ತಗೊಂಡು ಕತ್ತರಿಸಿಲ್ಲ ನೀ.”

ರಹೀಮಾ ಕುಸಿದು ಕೂತಳು. “ಇಲ್ರಿ” ಎಂದಳು. “ಅದಾಗಿ ನಾಕನೇ ದಿನ ಕತ್ತರಿಸಿದೆ. ನಿಮಗ ಜ್ವರ ಅಂತ ಕಾರ್ಡ್ ಬಂದಿತ್ತು. ಪಟ್ಟಿ ಬರಲಿಲ್ಲಂದ್ರ ನೀವು...” ಅವಳು ಪಟ್ಟಿಯ ಕಡೆ ನೋಡಿದಳು. “ಕತ್ತರಿ ಹಿಡದಾಗ ನನಗ, ಇದರಾಗರ ಒಂದ್ ಬೆರಳು ಬೆಳೀಲಿ ಅನಸ್ತು. ಅಕಿನ್ನ ಬೆಳಸಾಕ ನನಗ ಮತ್ತೆಲ್ಲಿ ಆಗ್ತದ?”

ಅವಳು ಅತ್ತಳು. ಅವನೂ ಅತ್ತ, ಮುಚ್ಚಿಡುವ ಯತ್ನವನ್ನೂ ಮಾಡಲಿಲ್ಲ. ಗುರುಶಾಂತವ್ವ ಬಂದು, ಸೆರಗು ಬಾಯಿಗೆ ಒತ್ತಿಕೊಂಡು, ಒಂದು ತಂಬಿಗೆ ನೀರಿಟ್ಟು ಹೋದಳು.

ಎಷ್ಟೋ ಹೊತ್ತಿನ ಮೇಲೆ ಇಸಾಕ್ ಸೀಸದ ಕಡ್ಡಿ ಹುಡುಕಿದ. ಬರೆಯದೆ ಉಳಿದಿದ್ದ ಎರಡು ಪಟ್ಟಿಗಳನ್ನು ಮಣೆಯ ಮೇಲೆ ಚಾಚಿ ಹಿಡಿದ. “ಹೇಳು. ಅಲ್ಲಿ ಏನೇನ್ ಮಾಡಿದ್ಲು?”

ಅವಳು ಹೇಳಿದಳು. ಅಜ್ಜಿಯ ಹತ್ತಿಯ ರಾಶಿಯಲ್ಲಿ ಬಿದ್ದು ಹೊರಳಾಡಿ, ಹುಬ್ಬಿನವರೆಗೆ ಬೆಳ್ಳಗಾಗಿ ಬಂದು, ‘ನಾ ಅಜ್ಜಿ’ ಎಂದಳಂತೆ. ಎರಡನೆಯ ತಿಂಗಳು ಕ್ವಿನೈನನ್ನು ತಾನೇ ಬಾಯಿ ತೆರೆದು ನುಂಗಿ, ‘ಅಪ್ಪಗ ಹೇಳು, ಅತ್ತಿಲ್ಲ ಅಂತ’ ಎಂದಳಂತೆ. ಅವನು ಒಂದೊಂದನ್ನೂ ಬರೆದ. ಮೂರನೆಯ ಪಟ್ಟಿ ಬಂದಾಗ ಕಡ್ಡಿಯನ್ನು ಕೆಳಗಿಟ್ಟ. ಇದರ ಮೇಲೆ ಬರೆಯಲು ಏನಿದೆ?

ರಹೀಮಾ ಅದನ್ನು ಎಳೆದುಕೊಂಡು, ಅಂಚಿನ ಹರಕಿನ ಮೇಲೆ ಬೆರಳಿಟ್ಟಳು.

“ಇದನ್ನ ಇಲಿ ಕಡದದ್ದಂತ ತಿಳೀಬ್ಯಾಡ್ರಿ. ಈ ತಿಂಗಳ ಪಟ್ಟಿ ಅಂತ ಮದ್ಲ ಸೀಳಿ ಇಟ್ಟಿದ್ದೆ. ಜ್ವರ ಬಿಟ್ಟ ಒಂದಿನ ಎದ್ದು ಕುಂತ್ಲು. ಹಾಸಗೀ ಮ್ಯಾಲ ಬೆಕ್ಕು ಮಲಗಿತ್ತು. ಅದರ ಬಾಜೂಕ ಪಟ್ಟಿ ಇಟ್ಟು, ಬಾಲ ಮುಗದಲ್ಲೆ ಹಲ್ಲಿಲೆ ಕಚ್ಚಿದ್ಲು. ಕತ್ತರಿ ಕೊಡಂಗಿಲ್ಲಲ್ಲ ನಾವು ಅಕಿಗೆ.”

ಇಸಾಕ್ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದ. ಹರಕಿನ ಅಂಚಿನಲ್ಲಿ ನಾಲ್ಕು ಸಣ್ಣ ಹಲ್ಲಿನ ಗುರುತು ಸಾಲಾಗಿ ಇದ್ದವು. ಅವನು ಕಡ್ಡಿಯನ್ನು ಮತ್ತೆ ಎತ್ತಿಕೊಂಡು, ಆ ಗುರುತಿನ ಪಕ್ಕದಲ್ಲಿ ನಿಧಾನವಾಗಿ ಬರೆದ: ‘ಬೆಕ್ಕಿನ ಕುಪ್ಪಸದ ಅಳತೆ. ಜೈನಾಬ್ ತಾನೇ ತೆಗೆದದ್ದು.’