ಗ್ಯಾರೇಜಿನ ಹೋಮ

ತ್ಯಾಗರಾಜನ ಹಾಡಿಕೆಯ ವೃತ್ತಿ ಶುರುವಾಗಿದ್ದು ಅಮೆರಿಕದ ಮಾರಿಸ್‌ವಿಲ್‌ನ ಮನೆಯ ಗ್ಯಾರೇಜಿನಲ್ಲಿ. 2020ರಲ್ಲಿ ಕೋವಿಡ್‌ನಿಂದ ಸಂಗೀತ ಕಾಲೇಜು ಮುಚ್ಚಿದಾಗ ಕಾರು ಹೊರಗೆ ನಿಲ್ಲಿಸಿ, ಗೋಡೆಗೆ ರಜಾಯಿ ನೇತುಹಾಕಿ, ಆಪೆರಾ ಕಂಪನಿಗಳಿಗೆ ವಿಡಿಯೊ ಕಳಿಸಿದ. ಅವನದು ಬ್ಯಾರಿಟೋನ್: ತೀರ ತಗ್ಗೂ ಅಲ್ಲದ, ಎತ್ತರವೂ ಅಲ್ಲದ ಗಂಡು ದನಿ. ವಾಷಿಂಗ್ಟನ್ನಿನಲ್ಲಿ ಎರಡು ವರ್ಷ ತರಬೇತಿ, ಸಣ್ಣ ಪಾತ್ರಗಳು. 2023ರ ಫೆಬ್ರವರಿಯಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ, ಅಟ್ಲಾಂಟಾದಲ್ಲಿ ಮೊದಲ ಮುಖ್ಯ ಪಾತ್ರ. ನ್ಯೂಯಾರ್ಕಿನಿಂದ ಏಜೆಂಟ್ ಒಬ್ಬಳು ಮೊದಲ ಪ್ರದರ್ಶನಕ್ಕೆ ಬರುವವಳಿದ್ದಳು. ಅವಳು ಒಪ್ಪಿದರೆ ದೊಡ್ಡ ರಂಗಮಂದಿರಗಳ ಬಾಗಿಲು ತೆರೆಯುತ್ತಿತ್ತು.

ಅದಕ್ಕೆ ಆರು ದಿನ ಮೊದಲು, ಭಾನುವಾರ, ತಾಲೀಮಿಗೆ ರಜೆ ಇದ್ದು ಮನೆಗೆ ಬಂದಿದ್ದ. ಅವನ ಒಳ್ಳೆಯದಕ್ಕೆಂದು ತಾಯಿ ಜಯಾ ಹೋಮ ಇಟ್ಟುಕೊಂಡರು. ಮನೆಯೊಳಗೆ ಹೊಗೆ ಎದ್ದರೆ ಅಲಾರಂ ಕೂಗುತ್ತದೆ. ಹಾಗಾಗಿ ಅಲ್ಲಿಯ ಭಾರತೀಯರೆಲ್ಲರಂತೆ ಗ್ಯಾರೇಜಿನಲ್ಲಿ, ಬಾಗಿಲು ಎತ್ತಿಟ್ಟು. ಅಂದು ಗಾಳಿ, ಮಳೆ. ಬೆಂಕಿ ಎರಡು ಸಲ ಆರಿತು.

"ಬಾಗಿಲು ಇಳಿಸಿಬಿಡಿ," ಎಂದರು ಪುರೋಹಿತರು. ತಂದೆ ಬದರಿನಾಥ ಒಂದಡಿ ಬಿಟ್ಟು ಇಳಿಸಿದರು. ತ್ಯಾಗು ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡ.

"ಅಗ್ನಿ ಮುಂದೆ ಮಾಸ್ಕಾ? ತೆಗಿಯೋ," ಎಂದರು ಜಯಾ.

"ಅಮ್ಮ, ಸ್ಮೋಕ್ ನನ್ ವಾಯ್ಸ್‌ಗೆ ಬ್ಯಾಡ್."

"ದೇವರ ಹೊಗೆ ಕಣೋ, ಸಿಗರೇಟಲ್ಲ. ನಿನಗೋಸ್ಕರ ತಾನೆ ಮಾಡಿಸ್ತಿರೋದು?"

"ಫೈನ್. ಒನ್ ಅವರ್, ಓಕೆ?"

ಎರಡೂವರೆ ಗಂಟೆ ಹಿಡಿಯಿತು. ರಾತ್ರಿಯಿಡೀ ಕೆಮ್ಮಿದ. ಮಂಗಳವಾರ ಅಟ್ಲಾಂಟಾದ ತಾಲೀಮಿನಲ್ಲಿ ಕೆಮ್ಮು ನುಂಗಿಕೊಂಡೇ ಹಾಡಿದ. ಎರಡನೇ ಅಂಕದಲ್ಲಿ ದನಿ ನಿಂತುಹೋಯಿತು. ಎಡ ಸ್ವರತಂತುವಿನಲ್ಲಿ ರಕ್ತ ಒಸರಿದೆ, ಮೂರು ವಾರ ಹಾಡುವಂತಿಲ್ಲ, ಮೊದಲ ಹತ್ತು ದಿನ ಪಿಸುಮಾತೂ ಕೂಡದು ಎಂದರು ಡಾಕ್ಟರು. ಹೊಗೆ, ಕೆಮ್ಮು, ಅದರ ಮೇಲೆ ಹಾಡಿದ್ದು, ಯಾವುದರಿಂದ ಎಷ್ಟು ಎಂದು ಹೇಳಲಾಗದು ಎಂದೂ ಹೇಳಿದರು. ಫೋನಿನಲ್ಲಿ ಕೇಳುತ್ತಿದ್ದ ಜಯಾ ಕಿವಿಗೆ ಬಿದ್ದದ್ದು ಹೊಗೆ ಎಂಬುದು ಮಾತ್ರ.

ಪಾತ್ರಕ್ಕೆ ಷಿಕಾಗೋದಿಂದ ಬೇರೊಬ್ಬ ಗಾಯಕ ಬಂದ. ಶನಿವಾರ ತಂದೆತಾಯಿ ಆರು ಗಂಟೆ ಡ್ರೈವ್ ಮಾಡಿಕೊಂಡು ಬಂದು, ರಂಗಮಂದಿರದಲ್ಲಿ ಮಗನ ಪಕ್ಕ ಕೂತರು. ದೇವಸ್ಥಾನದ ಸ್ನೇಹಿತರು ಹನ್ನೊಂದು ಮಂದಿ ಟಿಕೆಟ್ ತೆಗೆದಿದ್ದರು. ಅವರಿಗೆ ವಿಷಯ ತಿಳಿಸಲು ಜಯಾ ನಾಲ್ಕು ದಿನವೂ ಫೋನ್ ಎತ್ತಿಕೊಂಡಿದ್ದರು, ಇಟ್ಟಿದ್ದರು.

"ಏನ್ರೀ ಜಯಾ, ಹೀರೋ ಇಲ್ಲೇ ಕೂತಿದಾನೆ!" ಹಿಂದಿನ ಸಾಲಿನಿಂದ ಆ ಸ್ನೇಹಿತರಲ್ಲೊಬ್ಬರಾದ ಹರಿಣಿ ಬಗ್ಗಿದರು. "ಮೇಕಪ್ ಇಲ್ವೇನೋ ನಿಂಗೆ?"

ತ್ಯಾಗು ನಕ್ಕು ಗಂಟಲು ತೋರಿಸಿ ಕೈಯಾಡಿಸಿದ.

"ಅಯ್ಯೋ, ಕೋಲ್ಡಾ? ಹೋಮ ಮಾಡಿಸಿದ್ರಲ್ವಾ ಮೊನ್ನೆ?"

ಜಯಾ ಮುಂದಕ್ಕೆ ತಿರುಗಿಕೊಂಡರು.

"ಇನ್ನೊಂದು ಚಾನ್ಸ್ ಬರುತ್ತೆ ಬಿಡು," ಎಂದರು ಬದರಿನಾಥ.

"ನಿಮಗ್ಯಾರು ಹೇಳಿದ್ದು?" ಎಂದರು ಜಯಾ.

ನಾಲ್ಕು ಸಾಲು ಮುಂದೆ ಏಜೆಂಟ್ ಕಾರ್ಯಕ್ರಮದ ಪುಸ್ತಕದೊಳಗಿಂದ ಬಿದ್ದ ಚೀಟಿ ಎತ್ತಿಕೊಂಡು ಓದಿದಳು. ಗಾಯಕನ ಬದಲಾವಣೆ ತಿಳಿಸುವ ಚೀಟಿ ಅದು. ಓದಿ, ಷಿಕಾಗೋದವನ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಳು.

ಪ್ರತಿ ಕಾರ್ಯಕ್ರಮಕ್ಕೆ ಮೊದಲು ತಾಯಿಯಿಂದ ಹಣೆಗೆ ರಕ್ಷೆ, ಅಂದರೆ ಹೋಮದ ಬೂದಿ, ಇಡಿಸಿಕೊಳ್ಳುವುದು ಅವನ ರೂಢಿ. ವಾದ್ಯಗಳು ಶ್ರುತಿ ಮಾಡಿಕೊಳ್ಳುತ್ತಿದ್ದಂತೆ ಅವನು ಎಂದಿನಂತೆ ತಾಯಿಯತ್ತ ತಲೆ ಬಗ್ಗಿಸಿದ. ಭಾನುವಾರದ ಹೋಮದ ಬೂದಿ ಪೊಟ್ಟಣದಲ್ಲಿ, ಪೊಟ್ಟಣ ಪರ್ಸಿನಲ್ಲಿ. ಜಯಾ ಜಿಪ್ ಹಿಡಿದುಕೊಂಡರು, ಎಳೆಯಲಿಲ್ಲ.

ದೀಪಗಳು ಆರಿದವು. ಅವನು ಇನ್ನೂ ಬಗ್ಗಿಕೊಂಡೇ ಇದ್ದ.